ಕಂಸದೊಳಗಿನ ಹೆಸರು

ಕೌಲ್ ಬಜಾರಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಒಂದು ಪಕ್ಕದಲ್ಲಿ ಸೈಕಲ್ ರಿಪೇರಿ, ಇನ್ನೊಂದು ಪಕ್ಕದಲ್ಲಿ ಆಟೋ ಸೀಟು ಹೊಲಿಯುವವರು. ನಡುವೆ ನಾನು, ನನ್ನ ಎರಡು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದಾಗಲೆಲ್ಲ ಅಳುವ ಯುಪಿಎಸ್ಸು. ಬಾಡಿಗೆ ಕರಾರು, ಲಗ್ನಪತ್ರಿಕೆ, ಅರ್ಜಿ, ಯಾರು ಏನು ತಂದರೂ ಟೈಪ್ ಮಾಡಿಕೊಡುತ್ತಿದ್ದೆ. ಆದರೆ ಅಂಗಡಿ ನಡೆಯುತ್ತಿದ್ದುದು ಡಾಕ್ಟರುಗಳಿಂದ. ಮೆಡಿಕಲ್ ಕಾಲೇಜಿನವರು ತಮ್ಮ ಲೇಖನಗಳನ್ನು ದೊಡ್ಡ ಪತ್ರಿಕೆಗಳಿಗೆ ಕಳಿಸುವ ಮುಂಚೆ ನನ್ನ ಹತ್ತಿರ ಬರುತ್ತಿದ್ದರು. ಲೇಖನ ಅವರೇ ಬರೆದಿರುತ್ತಿದ್ದರು. ಕೊನೆಯಲ್ಲಿ ಬರುವ ರೆಫರೆನ್ಸುಗಳ ಪಟ್ಟಿ ಮಾತ್ರ ಯಾರಿಗೂ ಬೇಡವಾದ ಕೆಲಸ. "ಕೌಲ್ ಬಜಾರಿನ ಆಪಾ ಹತ್ರ ಒಗದು ಬರ್ರಿ, ಆಕಿ ಮಾಡ್ತಾಳ" ಎಂದು ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಿದ್ದರು. ಆಪಾ ಎಂದರೆ ಅಕ್ಕ, ನಾನೇ.

ಆ ಕೆಲಸ ಎಂಥದೆಂದು ಮಾಡಿದವರಿಗೇ ಗೊತ್ತು. ಲೇಖನದಲ್ಲಿ ಬೇರೆಯವರ ಮಾತು ಬಂದ ಕಡೆಯಲ್ಲೆಲ್ಲ ಒಂದು ಅಂಕಿ ಹಾಕಬೇಕು. ಮೊದಲು ಬಂದದ್ದಕ್ಕೆ ಒಂದು, ಆಮೇಲೆ ಬಂದದ್ದಕ್ಕೆ ಎರಡು. ಕೊನೆಯ ಪಟ್ಟಿಯಲ್ಲಿ ಅದೇ ಅಂಕಿಯ ಮುಂದೆ ಬರೆದವರ ಹೆಸರು, ಲೇಖನದ ಹೆಸರು, ಪತ್ರಿಕೆಯ ಹೆಸರು, ಇಸವಿ, ಸಂಪುಟ, ಪುಟ. ಇಸವಿ ಆದ ಮೇಲೆ ಯಾವ ಚಿಹ್ನೆ, ಸಂಪುಟ ಆದ ಮೇಲೆ ಯಾವ ಚಿಹ್ನೆ ಎಂಬುದಕ್ಕೆ ಪ್ರತಿ ಪತ್ರಿಕೆಗೂ ಒಂದೊಂದು ಕಾನೂನು. ಎಲ್ಲ ಮುಗಿದು ನಾನು ಪ್ರಿಂಟ್ ತೆಗೆಯುವ ಹೊತ್ತಿಗೆ ಡಾಕ್ಟರು ಬಂದು, "ಆಪಾ, ಇಲ್ಲೊಂದು ಮಧ್ಯ ಸೇರಿಸ್ರಿ" ಎಂದರೆ ಮುಗಿಯಿತು, ಅದರ ಕೆಳಗಿನ ಅಂಕಿಗಳೆಲ್ಲ ಬದಲಾಗಬೇಕು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಎಷ್ಟೋ ಡಾಕ್ಟರುಗಳಿಗೆ ಅವರ ಕಾಗದ ವಾಪಸ್ಸು ಕೊಟ್ಟು, ಮೊದಲು ತಲೆಯಲ್ಲಿ ಲೇಖನ ಮುಗಿಸಿಕೊಂಡು ಬನ್ನಿ ಎಂದು ಕಳಿಸಿದ್ದೇನೆ.

ಅವರಲ್ಲಿ ಒಬ್ಬರು ಮಾತ್ರ ನನ್ನ ಸಿಟ್ಟಿಗೆ ನಗುತ್ತಿದ್ದರು. ಹಾಸನದ ಕಡೆಯವರು, ಸಮಾಜದಲ್ಲಿ ಯಾವ ರೋಗ ಹೇಗೆ ಹರಡುತ್ತದೆಂದು ನೋಡುವ ವಿಭಾಗದಲ್ಲಿ ಪಾಠ ಮಾಡುತ್ತಿದ್ದ ಡಾಕ್ಟರಮ್ಮ. ಗಣಿ ಜೋರಾಗಿದ್ದ ವರ್ಷಗಳವು. ನಾನು ಅಂಗಡಿ ಬಾಗಿಲು ತೆಗೆದ ಕೂಡಲೇ ಕೀಬೋರ್ಡನ್ನು ಬಟ್ಟೆಯಿಂದ ಒರೆಸುತ್ತಿದ್ದೆ, ಬಟ್ಟೆ ಕೆಂಪಾಗುತ್ತಿತ್ತು. ಆಕೆ ಒಮ್ಮೆ ಆ ಬಟ್ಟೆಯನ್ನೇ ಕೈಯಲ್ಲಿ ಹಿಡಿದುಕೊಂಡು ನೋಡುತ್ತ ಕೂತುಬಿಟ್ಟರು. ಗಣಿ ಕೆಲಸಗಾರರ ಎದೆಯೊಳಗೆ ಈ ಧೂಳು ಏನು ಮಾಡುತ್ತಿದೆ ಎಂಬುದೇ ಆಕೆಯ ಲೇಖನ. ಗಣಿಯವರು ಕೊಟ್ಟ ಹಾಜರಿ ಪಟ್ಟಿಯಲ್ಲಿದ್ದವರನ್ನೆಲ್ಲ ಪರೀಕ್ಷೆ ಮಾಡಿದ್ದರು. ಆದರೆ ಆಕೆಯ ಮುಖದಲ್ಲಿ ಸಮಾಧಾನವಿರಲಿಲ್ಲ.

"ರೋಗಾನೇ ಸಿಗ್ತಿಲ್ಲ ಆಪಾ," ಎಂದರು ಒಂದು ಸಂಜೆ. "ಇಷ್ಟು ಧೂಳಲ್ಲಿ ಎಲ್ಲರ ಎದೆ ಹೇಗೆ ಇಷ್ಟು ಚೆನ್ನಾಗಿರುತ್ತೆ?"

ಸ್ಟೂಲಿನ ಮೇಲೆ ನಮ್ಮ ಮನೆಯವರು ಕೂತಿದ್ದರು. ಅವರು ಗಣಿಯೊಂದರ ಫಸ್ಟ್ ಏಡ್ ರೂಮಿನಲ್ಲಿ ಕಾಂಪೌಂಡರು. ಯಾವ ಗಣಿ ಎಂದು ನಾನು ಹೇಳುವುದಿಲ್ಲ, ನೀವು ಕೇಳಲೂ ಬೇಡಿ. ಸಂಜೆ ಕಂಪನಿ ವ್ಯಾನಿನಿಂದ ಇಳಿದು ನೇರ ಅಂಗಡಿಗೆ ಬಂದು, ನಾನು ಬಾಗಿಲು ಹಾಕುವ ತನಕ ಕೂತಿರುವುದು ಅವರ ರೂಢಿ. ಬಾಯಿ ಸುಮ್ಮನಿರುವ ಪೈಕಿ ಅಲ್ಲ.

"ನೀವು ಎಣಸಿದ್ದು ಯಾರನ್ನ ಮೇಡಂ? ಹಾಜರಿಯಾಗ ಇದ್ದವರನ್ನ," ಎಂದರು. "ಕೆಮ್ಮಾವರು ಹಾಜರಿಯಾಗ ಇರೋದಿಲ್ರಿ. ಎಕ್ಸ್‌ರೇದಾಗ ಏನರ ಕಂಡ್ರ, ನೋಡಾಕ ಹೊರಗಿನವರು ಬರೋದರಾಗ ಅವರ ಹೆಸರ ಹೊಡದುಬಿಡ್ತಾರ. ಟಿಬಿ ಅಂತ ಮಾತ್ರಿ ಕೊಟ್ಟು ಊರಿಗೆ ಕಳಸ್ತಾರ. ಕಫ ನೋಡಿಲ್ಲ, ಏನಿಲ್ಲ. ಮಾತ್ರಿ ಕಟ್ಟಿ ಕೊಡಾವ ನಾನ ಅದೀನಿ."

ಡಾಕ್ಟರಮ್ಮನಿಗೆ ಇದರ ಗುಮಾನಿ ಮೊದಲೇ ಇತ್ತೆಂದು ಆಮೇಲೆ ಹೇಳಿದರು. ಪಕ್ಕದ ಅಂಗಡಿಯ ಹೊಲಿಗೆ ಯಂತ್ರ ಆಗಷ್ಟೇ ನಿಂತಿತ್ತು, ಆ ಮಾತು ಬೀದಿಗೆ ಕೇಳಿಸುವಷ್ಟು ಸ್ಪಷ್ಟವಾಗಿತ್ತು. ನಾನು ಎದ್ದು ಷಟರನ್ನು ಅರ್ಧ ಇಳಿಸಿದೆ.

ಹಾಗೆ ಊರಿಗೆ ಹೋದವನೊಬ್ಬ ಕುರುಗೋಡಿನಲ್ಲಿ ಇದ್ದಾನೆಂದು ನಮ್ಮ ಮನೆಯವರೇ ಹೇಳಿದರು. ಒಂದು ಭಾನುವಾರ ಮೂವರೂ ಹೋದೆವು. ಗುಂಡುಕಲ್ಲುಗಳ ಗುಡ್ಡದ ಕೆಳಗಿನ ಓಣಿ, ಮಧ್ಯಾಹ್ನದ ಬಿಸಿಲು. ಮನೆಯ ಮುಂದೆ ಹಳದಿ ಹೆಲ್ಮೆಟ್ಟನ್ನು ಅಂಗಾತ ಇಟ್ಟು ಅದರಲ್ಲಿ ಕೋಳಿಗಳಿಗೆ ನೀರಿಟ್ಟಿದ್ದರು. ಒಳಗೆ ಮಂಚದ ಮೇಲೆ ಒಬ್ಬ ಮನುಷ್ಯ, ನಮ್ಮವರಿಗಿಂತ ಸಣ್ಣ ವಯಸ್ಸು, ಭುಜ ಎತ್ತಿ ಎತ್ತಿ ಉಸಿರಾಡುತ್ತಿದ್ದ.

"ಎಷ್ಟು ವರ್ಷ ಗಣೀಲಿ ಕೆಲಸ ಮಾಡಿದ್ರಿ?" ಎಂದು ಡಾಕ್ಟರಮ್ಮ ಕೇಳಿದರು.

"ನಾ ಗಣಿಗೆ ಹೋಗೇ ಇಲ್ರಿ."

"ಮತ್ತೆ ಇವರು ನಿಮಗೆ ಅಲ್ಲಿ ಮಾತ್ರೆ ಕೊಟ್ಟಿದ್ದಾರಂತೆ."

ಅವನು ನಮ್ಮ ಮನೆಯವರ ಕಡೆ ನೋಡಿದ. ಅವರ ಕೈಯಿಂದಲೇ ತಿಂಗಳುಗಟ್ಟಲೆ ಮಾತ್ರೆ ತಗೊಂಡಿದ್ದ ಮನುಷ್ಯ. "ಇವರು ಯಾರೋ ನನಗ ಗೊತ್ತಿಲ್ರಿ" ಎಂದು ಗೋಡೆಗೆ ಮುಖ ತಿರುಗಿಸಿದ.

ಅವನ ಹೆಂಡತಿ ನಮ್ಮನ್ನು ಓಣಿಯ ಕೊನೆಯವರೆಗೆ ಕಳಿಸಲು ಬಂದಳು. ತಿರುಗುವಲ್ಲಿ ನಿಂತು, "ನಿನ್ನೆ ಜೀಪು ಬಂದು ಹೋಗೈತ್ರಿ," ಎಂದಳು. "ಕೆಮ್ಮಿನ ಸುದ್ದಿ ಯಾರು ಕೇಳಾಕ ಬಂದ್ರೂ ಬಾಯಿ ಬಿಡಬ್ಯಾಡ ಅಂದು ಹೋಗ್ಯಾರ. ಮತ್ತ ಬರಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ನಾವು ಹೋಗುವುದು ನಮಗೆ ಮೂವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗಣಿಯ ಜೀಪಿನವರು ಸುಮ್ಮನೆ ಒಂದು ಸುತ್ತು ಹಾಕಿ ಹೋಗಿರಬಹುದು, ಎಲ್ಲ ಕೆಮ್ಮುವವರ ಮನೆಗೂ ಹೋಗಿರಬಹುದು. ಬಸ್ಸಿನಲ್ಲಿ ಕೂತಾಗ ಹಾಗೆಂದೇ ನಮ್ಮವರು ಹೇಳಿದರು. ಬಳ್ಳಾರಿ ಬರುವ ತನಕ ನನ್ನ ಮೈ ಉರಿಯುತ್ತಿತ್ತು, ಹೆದರಿಕೆಯೂ ಆಗಿತ್ತು.

ಹೀಗೆ ಉಳಿದದ್ದು ನಮ್ಮ ಮನೆಯವರ ಮಾತೊಂದೇ. ಡಾಕ್ಟರಮ್ಮ ಅದನ್ನು ಒಂದೇ ವಾಕ್ಯ ಮಾಡಿ ಲೇಖನದಲ್ಲಿ ಸೇರಿಸಿದರು: ಎಕ್ಸ್‌ರೇಯಲ್ಲಿ ಕಲೆ ಕಂಡವರನ್ನು ಹಾಜರಿಯಿಂದ ಮೊದಲೇ ತೆಗೆದುಹಾಕುವುದರಿಂದ, ಹಾಜರಿ ನೋಡಿ ಎಣಿಸಿದರೆ ರೋಗ ಕಾಣುವುದಿಲ್ಲ. ಇಡೀ ಲೇಖನದ ಪ್ರಾಣ ಆ ವಾಕ್ಯದಲ್ಲಿತ್ತು. ಅದಿಲ್ಲದಿದ್ದರೆ ಓದಿದವರು ಗಣಿಯಲ್ಲಿ ಎಲ್ಲರೂ ಗುಂಡುಕಲ್ಲಿನಂತೆ ಇದ್ದಾರೆಂದು ತಿಳಿಯಬೇಕು. ಆದರೆ ಅದಕ್ಕೆ ಹಾಕಲು ಅಂಕಿ ಇರಲಿಲ್ಲ. ಎಲ್ಲೂ ಅಚ್ಚಾಗದ ಬಾಯಿಮಾತನ್ನು ಕೊನೆಯ ಪಟ್ಟಿಗೆ ಸೇರಿಸುವಂತಿಲ್ಲ. ವಾಕ್ಯದ ಪಕ್ಕದಲ್ಲೇ ಕಂಸ ಹಾಕಿ, ಖುದ್ದಾಗಿ ತಿಳಿಸಿದ್ದು ಎಂದು ಬರೆಯಬೇಕು. ಡಾಕ್ಟರಮ್ಮ ಕಂಸದೊಳಗೆ "ಗಣಿಯ ಒಬ್ಬ ಆರೋಗ್ಯ ಸಿಬ್ಬಂದಿ" ಎಂದಷ್ಟೇ ಹಾಕಿಸಿ ಲೇಖನ ಕಳಿಸಿದರು. ನಾನು ನಿಟ್ಟುಸಿರು ಬಿಟ್ಟೆ.

ಕೆಲವು ವಾರಗಳ ಮೇಲೆ ಪತ್ರಿಕೆಯಿಂದ ಉತ್ತರ ಬಂತು. ಲೇಖನ ಒಳ್ಳೆಯದಿದೆ, ಆದರೆ ಖುದ್ದಾಗಿ ತಿಳಿಸಿದ್ದು ಎಂದು ಬರೆದ ಕಡೆ ಹೇಳಿದವರ ಹೆಸರು ಇರಲೇಬೇಕು, ಹೆಸರು ಹಾಕಲು ಅವರ ಸಹಿಯುಳ್ಳ ಒಪ್ಪಿಗೆ ಪತ್ರವೂ ಬೇಕು. ಇಲ್ಲವಾದರೆ ಆ ವಾಕ್ಯ ತೆಗೆಯಿರಿ.

"ನಿಮ್ಮಿಷ್ಟ," ಎಂದರು ಡಾಕ್ಟರಮ್ಮ ನಮ್ಮವರಿಗೆ. "ನಾನು ಬಲವಂತ ಮಾಡಲ್ಲ. ಮನೇಲಿ ಕೂತು ಯೋಚನೆ ಮಾಡಿ."

ನಮ್ಮ ಮನೆಯವರಿಗೆ ಯೋಚನೆ ಮಾಡಲು ಏನೂ ಇರಲಿಲ್ಲ. ಅವರ ಮುಖ ಅರಳಿಬಿಟ್ಟಿತ್ತು. ಗಣಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಏ ಕಾಂಪೌಂಡರ್ ಎಂದರೆ ಮುಗಿಯಿತು. ಕೌಲ್ ಬಜಾರಿನಲ್ಲಿ ಅವರು ಆಪಾನ ಗಂಡ. ಇಂಗ್ಲಿಷಿನಲ್ಲಿ, ಡಾಕ್ಟರುಗಳು ಓದುವ ಪತ್ರಿಕೆಯಲ್ಲಿ ಹೆಸರು ಅಚ್ಚಾಗುತ್ತದೆ ಎಂದರೆ ಯಾರಿಗೆ ಆಸೆಯಾಗುವುದಿಲ್ಲ ಹೇಳಿ.

"ನನ್ನ ಹೆಸರಿನವರು ನಮ್ಮಲ್ಲಿ ಗಲ್ಲಿಗೊಬ್ಬರು ಅದಾರ," ಎಂದರು. "ಲೋಡಿಂಗಿನಾಗ ಅದಾರ, ಕ್ರಷರಿನಾಗ ಅದಾರ, ಅಡಗಿ ಮನಿಯಾಗೂ ಒಬ್ಬ ಅದಾನ. ಅದರಾಗ ನಾನ ಅಂತ ಯಾರಿಗೆ ತಿಳೀತೈತಿ? ಟೈಪ್ ಮಾಡ ನೀ."

ಮಾಡಿದೆ. ಒಪ್ಪಿಗೆ ಪತ್ರವನ್ನೂ ಮಾಡಿದೆ. ಎರಡರಲ್ಲೂ ಹೆಸರು ಪತ್ರಿಕೆಯ ಕಾನೂನಿನ ಪ್ರಕಾರವೇ ಇರಬೇಕಿತ್ತು, ಮನೆತನದ ಹೆಸರು ಮೊದಲು ಪೂರ್ತಿಯಾಗಿ, ಸ್ವಂತ ಹೆಸರಿಗೆ ಆಮೇಲೆ ಒಂದೇ ಅಕ್ಷರ. ನಮ್ಮ ಕಡೆ ಮನೆತನದ ಹೆಸರು ಎಲ್ಲಿಂದ ಬರಬೇಕು? ನಾವು ಮನೆಯಲ್ಲಿ ಕನ್ನಡ ಮಾತಾಡುವ ಸಾಬರು, ಹತ್ತಿ ಹಿಂಜುವ ಮಂದಿ. ಎಲ್ಲರ ಹಾಗೆ ನಮ್ಮದೂ ಊರಿಗೊಂದು ಅಕ್ಷರ, ಚುಕ್ಕಿ, ಆಮೇಲೆ ಹೆಸರು. ನಮ್ಮವರ ಊರು ಸಿರುಗುಪ್ಪ ತಾಲ್ಲೂಕಿನ ಕರೂರು. ಸಾಲಿಯಲ್ಲಿ ಮೇಷ್ಟ್ರು ಬರೆಸಿದ್ದು ಕೆ ಚುಕ್ಕಿ, ನೌಕರಿಯಲ್ಲೂ ಅದೇ. ಪತ್ರಿಕೆಗೆ ಕೆ ಎಂದರೆ ಏನೆಂದು ಬಿಡಿಸಿ ಬರೆಯಬೇಕು. ಬಿಡಿಸಿ ಬರೆದೆ. ಪರದೆಯ ಮೇಲೆ ನೋಡಿದೆ. ಗಲ್ಲಿಗೊಬ್ಬರಿದ್ದ ಹೆಸರು ಒಂದೇ ಅಕ್ಷರವಾಗಿ ಮೂಲೆಗೆ ಸೇರಿತ್ತು. ಕರೂರು ಮಾತ್ರ ಮೊದಲಲ್ಲಿ, ಕಣ್ಣಿಗೆ ಹೊಡೆಯುವಂತೆ ನಿಂತಿತ್ತು.

"ನಿಮ್ಮ ಗಣಿಯಾಗ ಕರೂರಿನವರು ಎಷ್ಟು ಮಂದಿ ಅದೀರಿ?" ಎಂದು ಕೇಳಿದೆ.

"ನಾ ಒಬ್ಬನ."

"ಮತ್ತ ಇದೇನಾತು? ಮನಿ ನಂಬರು ಬರದು ಕೊಟ್ಟಂಗ ಆತಲ್ಲ."

"ಇಂಗ್ಲಿಷ್ ಪತ್ರಿಕಿ ಅವರು ಓದ್ತಾರೇನ ಮಾರಾಯ್ತಿ? ನೀ ಒಬ್ಬಾಕಿ ಹೆದರಿಸಿ ಹೆದರಿಸಿ ನನ್ನ ಜೀವ ತಿಂತಿ."

ಆ ದಿನ ನಮ್ಮ ಮನೆಯಲ್ಲಿ ಆದ ಜಗಳ ಓಣಿಗೆಲ್ಲ ಕೇಳಿಸಿತು. ನಾನು ಅನ್ನಬಾರದ್ದೆಲ್ಲ ಅಂದೆ. ಅವರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು ಡ್ಯೂಟಿಗೆ ಹೋದರು. ಮರುದಿನ ಸಹಿ ಮಾಡಿ ಡಾಕ್ಟರಮ್ಮನಿಗೆ ಕೊಟ್ಟು ಬಂದೆ ಎಂದರು.

ಆ ವಾರವೇ ಮಾವನವರನ್ನು ನೋಡಲು ಕರೂರಿಗೆ ಹೋದೆವು. ಸಿರುಗುಪ್ಪದಲ್ಲಿ ಬಸ್ಸು ಬದಲಿಸುವಾಗ ಅಕ್ಕಿ ಗಿರಣಿಗಳ ಹೊಟ್ಟು ಗಾಳಿಯಲ್ಲಿ ಹಾರಿ ಕಣ್ಣಿಗೆ ಬೀಳುತ್ತಿತ್ತು. ಆ ಗಾಳಿಯಲ್ಲೇ ನಮ್ಮವರು ಜೇಬಿನಿಂದ, ನಾನು ಪ್ರಿಂಟ್ ತೆಗೆದ ಲೇಖನದ ಪುಟ ತೆಗೆದು ತಮ್ಮ ಹೆಸರನ್ನು ಮತ್ತೊಮ್ಮೆ ಓದಿದರು. ಹೊಸ ಗಡಿಯಾರ ಕಟ್ಟಿಕೊಂಡವರು ಮಣಿಕಟ್ಟು ನೋಡಿಕೊಂಡ ಹಾಗೆ ದಾರಿಯುದ್ದಕ್ಕೂ ಅದೇ ಕೆಲಸ. ನನಗೆ ಅಳುವೋ ನಗುವೋ ತಿಳಿಯಲಿಲ್ಲ.

ಮಾವ ಹತ್ತಿ ಹಿಂಜುವುದನ್ನು ಬಿಟ್ಟು ವರ್ಷಗಳಾಗಿದ್ದವು. ಹಿಂಜುವ ಬಿಲ್ಲು ಮಾತ್ರ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ನಮ್ಮವರು ಪುಟ ತೋರಿಸಿ, ಇಂಥಲ್ಲಿ ನನ್ನ ಹೆಸರು, ಇಂಥಲ್ಲಿ ನಮ್ಮೂರ ಹೆಸರು ಎಂದು ಬೆರಳಿಟ್ಟು ಹೇಳಿದರು. ಮುದುಕರು ಖುಷಿಯಾದರು. ಊರ ಹೆಸರು ಎಷ್ಟು ದೂರದವರೆಗೆ ಹೋಗುತ್ತದೆ ಎಂದು ಕೇಳಿದರು. ಆಮೇಲೆ, ಅದರಲ್ಲಿ ನೀನು ಹೇಳಿದ್ದಾದರೂ ಏನು ಎಂದರು. ನಮ್ಮವರು ಬಿಡಿಸಿ ಹೇಳಿದರು.

ಮಾವ ಪುಟವನ್ನು ಮಡಚಿ ಮಗನ ಕೈಗೆ ಕೊಟ್ಟರು. "ಲೇ, ಅಷ್ಟು ದೊಡ್ಡ ಗಣಿಯಾಗ ನೀ ಒಬ್ಬನ ನೋಡಿದ್ದೇನಲೇ ಇದನ್ನ?"

"ಎಲ್ಲಾರೂ ನೋಡ್ಯಾರಪ್ಪ. ಯಾರೂ ಹೇಳೋದಿಲ್ಲ."

"ಹೇಳಾಕ ಹೋದರ ಹೇಳು, ನಾ ಬ್ಯಾಡ ಅನ್ನೂದಿಲ್ಲ. ಊರ ಹೆಸರ ಹೇಳಿ ಯಾಕ ಹೇಳ್ತಿ? ನಿನ್ನ ಹುಡುಕ್ಕೊಂಡು ಬರೋರು ಇಲ್ಲಿಗೇ ಬರ್ತಾರ. ಇಲ್ಲಿ ನಾ ಅದೀನಿ, ನಿಮ್ಮವ್ವ ಅದಾಳ."

ನಾನು ವಾರದಿಂದ ಗಂಟಲು ಹರಿದುಕೊಂಡಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ತಿರುಗಿ ಬರುವಾಗ ಸಿರುಗುಪ್ಪ ದಾಟಿದ ಮೇಲೆ ನಮ್ಮವರು ಕಿಟಕಿಯ ಹೊರಗೆ ನೋಡುತ್ತಲೇ, "ತಗಿಸಿಬಿಡು" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಬಸ್ಸಿನಲ್ಲಿ ಹಾಗೆ ಹಿಡಿದುಕೊಂಡದ್ದು ಅದೇ ಮೊದಲು.

ಡಾಕ್ಟರಮ್ಮ ಒಂದು ಮಾತೂ ಎದುರಾಡಲಿಲ್ಲ. "ಒಳ್ಳೇದಾಯ್ತು ಬಿಡಿ ಆಪಾ, ನನಗೂ ರಾತ್ರಿ ನಿದ್ದೆ ಬರ್ತಿರಲಿಲ್ಲ" ಎಂದರು. ಅವರ ಎದುರಿಗೇ ಆ ವಾಕ್ಯ ಅಳಿಸಿದೆ, ಕಂಸವನ್ನೂ ಅಳಿಸಿದೆ. ಅದರ ಜಾಗದಲ್ಲಿ, ಕೆಲಸ ಬಿಟ್ಟವರನ್ನು ಪರೀಕ್ಷಿಸಲು ಆಗಲಿಲ್ಲ ಎಂಬ ಸಪ್ಪೆ ಮಾತೊಂದು ಬಂತು. ಅಂಕಿಯಿಲ್ಲದ ಮಾತಾದ್ದರಿಂದ ಕೆಳಗಿನ ಯಾವ ಅಂಕಿಯೂ ಬದಲಾಗಲಿಲ್ಲ. ಇದ್ದ ಗುರುತೇ ಉಳಿಯದ ಹಾಗೆ ಹೋಯಿತು. ಹಗುರಾಯಿತು ಅನ್ನಿಸಿತು ನನಗೆ.

ಹೋಗುವಾಗ ಡಾಕ್ಟರಮ್ಮ ಚೀಲದಿಂದ ಒಪ್ಪಿಗೆ ಪತ್ರ ತೆಗೆದು, "ಇದನ್ನ ನೀವೇ ಹರಿದು ಹಾಕಿಬಿಡಿ" ಎಂದು ನನ್ನ ಕೈಗೆ ಕೊಟ್ಟರು. ಹರಿಯುವ ಮುಂಚೆ ಬಿಚ್ಚಿ ನೋಡಿದೆ. ಕೆಳಗೆ ನಮ್ಮವರ ಸಹಿ. ಸಹಿಯ ಮೇಲೆ ದುಂಡಗೆ, ನೇರಳೆ ಬಣ್ಣದಲ್ಲಿ, ಗಣಿಯ ಫಸ್ಟ್ ಏಡ್ ರೂಮಿನ ಸೀಲು.

ಸಂಜೆ ಅವರು ಬರುವ ತನಕ ಆ ಪತ್ರ ಹಿಡಿದುಕೊಂಡೇ ಕೂತಿದ್ದೆ.

"ಇದೇನ್ರಿ ಸೀಲು?"

"ಮತ್ತ? ಸೀಲ್ ಇಲ್ದ ಕಾಗದ ಯಾರ್ ನಂಬ್ತಾರ? ಬರೇ ಸಹಿ ಅಂದ್ರ ಯಾರ ಬೇಕಾದ್ರೂ ಗೀಚ್ತಾರ."

"ಸೀಲು ಯಾರ ಹತ್ರ ಇರ್ತೈತಿ?"

"ಟೈಂ ಆಫೀಸಿನಾಗ, ಹಾಜರಿ ಬರಿಯೋ ಕ್ಲರ್ಕ್ ಹತ್ರ."

"ಅಂವ ಓದಿದನ?"

ಅವರು ಆಗ ನನ್ನ ಮುಖ ನೋಡಿದರು. "ಪೂರ್ತಿ ಓದಲಿಲ್ಲ," ಎಂದರು. "ಮ್ಯಾಲಿಂದ ಮ್ಯಾಲ ನೋಡ್ದ. ಕೇಳ್ದ, ಕರೂರು ಅಂದ್ರ ನೀನ ಏನು ಅಂತ. ಹೌದು ಅಂದೆ."

ಇದಕ್ಕೆ ಏನು ಹೇಳಬೇಕು? ನಮ್ಮ ಮಂದಿಯ ಹಣೆಬರಹವೇ ಇದು. ಪಡಿತರ ಚೀಟಿಯಿಂದ ಹಿಡಿದು ಸತ್ತವರ ಚೀಟಿಯ ತನಕ ನಮಗೆ ಎಲ್ಲದಕ್ಕೂ ಸೀಲು ಬೇಕು. ದುಂಡಗಿನ ನೇರಳೆ ಗುರುತು ಬಿದ್ದರೆ ಮಾತ್ರ ಮಾತು ನಿಜ. ಎಷ್ಟು ಕಚೇರಿಗಳಲ್ಲಿ ಸೀಲಿಲ್ಲವೆಂದು ಎಷ್ಟು ಸಲ ವಾಪಸ್ಸು ಬಂದಿಲ್ಲ ನಾವು. ಯಾರ ಮೇಲೆ ಹೇಳುತ್ತಿದ್ದರೋ ಅವರ ಸೀಲನ್ನೇ ಹಾಕಿಸಿಕೊಂಡು ಬಂದಿದ್ದರು ನನ್ನ ಗಂಡ. ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಅಳು ಬಂತು.

ಆಮೇಲಿನ ದಿನಗಳಲ್ಲಿ ಏನೂ ಆಗಲಿಲ್ಲ. ಅದೇ ಕಷ್ಟವಾಗಿತ್ತು. ವ್ಯಾನು ಬರುವುದು ಸ್ವಲ್ಪ ತಡವಾದರೆ ನನ್ನ ಬೆರಳು ಕೀಲಿಗಳ ಮೇಲೆ ನಿಂತುಬಿಡುತ್ತಿತ್ತು. ಅಂಗಡಿಯ ಮುಂದೆ ಯಾವ ಜೀಪು ನಿಂತರೂ ಎದ್ದು ಬಾಗಿಲಿಗೆ ಬರುತ್ತಿದ್ದೆ. ಆ ಕಾಲದಲ್ಲಿ ಬಳ್ಳಾರಿಯಲ್ಲಿ ಜೀಪುಗಳಿಗೇನು ಬರಗಾಲವೇ? ನಮ್ಮವರು ಮಾತ್ರ, "ನೋಡು, ಎಲ್ಲಾ ಮರತಾರ" ಎನ್ನುತ್ತಿದ್ದರು.

ಮರೆತಿರಲಿಲ್ಲ. ಒಂದು ಮಧ್ಯಾಹ್ನ ಬಿಳಿ ಅಂಗಿಯವನೊಬ್ಬ ಅಂಗಡಿಗೆ ಬಂದ. ಫೋನಿನಲ್ಲಿ ತೆಲುಗಿನಲ್ಲಿ ಯಾರಿಗೋ "ವಸ್ತಾ ಅನ್ನಾ, ಐದು ನಿಮಿಷಾಲು" ಎನ್ನುತ್ತ ಸ್ಟೂಲಿನ ಮೇಲೆ ಕೂತ. ಗೋಡೆ, ಕಂಪ್ಯೂಟರು, ನಾನು, ಎಲ್ಲವನ್ನೂ ನಿಧಾನವಾಗಿ ನೋಡಿದ.

"ಅಕ್ಕಾರ, ಸಣ್ಣದೊಂದು ಟೈಪಿಂಗ್ ಐತ್ರಿ," ಎಂದ. "ನಮ್ಮ ಆಫೀಸಿನಾಗ ಪ್ರಿಂಟರ್ ಕೆಟ್ಟೈತಿ. ನೀವು ಭಾರಿ ಚೊಕ್ಕ ಮಾಡ್ತೀರಂತ, ಡಾಕ್ಟರುಗಳೆಲ್ಲ ಇಲ್ಲೇ ಬರ್ತಾರಂತ."

ಕೈಬರಹದ ಚೀಟಿಯನ್ನು ಮುಂದೆ ಇಟ್ಟ. ಓದುತ್ತ ಟೈಪ್ ಮಾಡತೊಡಗಿದೆ. ಫಸ್ಟ್ ಏಡ್ ರೂಮಿನ ಒಬ್ಬರನ್ನು ನಾಳೆಯಿಂದ ಕಲ್ಲು ಪುಡಿ ಮಾಡುವ ಕ್ರಷರಿನ ಬಾಯಿಯಲ್ಲಿ ಲಾರಿ ಲೆಕ್ಕ ಬರೆಯಲು ಹಾಕಿದೆ ಎಂಬ ಆದೇಶ ಅದು. ಹೆಸರಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಕರೂರು ಎಂದು ಪೂರ್ತಿಯಾಗಿ ಮೊದಲು, ಆಮೇಲೆ ಒಂದೇ ಅಕ್ಷರ. ನಮ್ಮ ಸೀಮೆಯಲ್ಲಿ ಹೆಸರನ್ನು ಹಾಗೆ ಯಾರೂ ಬರೆಯುವುದಿಲ್ಲ. ಹಾಗೆ ಬರೆದದ್ದು ಜಗತ್ತಿನಲ್ಲಿ ಆ ಲೇಖನ ಬಿಟ್ಟರೆ ಸೀಲು ಬಿದ್ದ ಒಪ್ಪಿಗೆ ಪತ್ರದಲ್ಲಿ ಮಾತ್ರ, ಅದನ್ನು ಬರೆದವಳು ನಾನು.

"ಹೆಸರ ಸರಿ ಐತಲ್ರಿ ಅಕ್ಕಾರ?" ಎಂದ ಬಿಳಿ ಅಂಗಿ. "ನಿಮಗ ಗೊತ್ತಿರ್ತೈತಿ ಅಂತ ಕೇಳ್ದೆ."

"ಸರಿ ಐತಿ" ಎಂದೆ. ಪ್ರಿಂಟ್ ತೆಗೆದು ಕೊಟ್ಟೆ. ಅವನು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಚೆಂದ ಬಂದೈತಿ ಎಂದು ಹೊಗಳಿ ಎದ್ದು ಹೋದ.

ಕೆಲಸ ಬಿಡಿ ಎಂದು ಗೋಗರೆದೆ. ಡಾಕ್ಟರಮ್ಮನೂ ಬೇರೆ ಕಡೆ ನೋಡೋಣ ಎಂದರು. "ಬಿಟ್ರ ತಪ್ಪು ಮಾಡೀನಿ ಅಂತ ಒಪ್ಪಿಕೊಂಡಂಗ," ಎಂದರು ನಮ್ಮವರು. "ಬಿಡಲಿ ಅಂತಲೇ ಹಾಕ್ಯಾರ. ನಾ ಬಿಡೂದಿಲ್ಲ." ಸಿಟ್ಟು ನನಗೊಬ್ಬಳಿಗೇ ಇದೆ ಎಂದುಕೊಂಡಿದ್ದೆ. ಅವರದು ಒಳಗಿನ ಸಿಟ್ಟು, ಉರಿಯುವುದು ಹೊರಗೆ ಕಾಣುತ್ತಿರಲಿಲ್ಲ. ಕ್ರಷರಿನ ಬಾಯಿಯಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತರು. ವರ್ಷಗಟ್ಟಲೆ, ಗಣಿಗಳೆಲ್ಲ ಬಾಗಿಲು ಹಾಕುವ ಕಾಲ ಹತ್ತಿರ ಬರುವ ತನಕ ನಿಂತೇ ಇದ್ದರು. ಆ ಕರವಸ್ತ್ರಗಳನ್ನು ನಾನು ಎಷ್ಟು ಉಜ್ಜಿದರೂ ನೀರು ತಿಳಿಯಾಗುತ್ತಿರಲಿಲ್ಲ.

ನಡುವೆ ಡಾಕ್ಟರಮ್ಮನ ಲೇಖನ ಅಚ್ಚಾಗಿ ಬಂತು. ಕೆಲಸಗಾರರಲ್ಲಿ ಧೂಳಿನ ರೋಗ ಅಪರೂಪ ಎಂದು ಅದರ ಸಾರಾಂಶ. ಆಕೆ ಅದನ್ನು ನನಗೆ ತೋರಿಸುವಾಗ ಕಣ್ಣೆತ್ತಿ ನೋಡಲಿಲ್ಲ.

ಕೆಮ್ಮು ಶುರುವಾದಾಗ ಗಣಿಯವರು ನಮ್ಮವರಿಗೂ ಟಿಬಿ ಮಾತ್ರೆಯನ್ನೇ ಕೊಟ್ಟರು. ತಾವೇ ಕಟ್ಟಿ ಕೊಡುತ್ತಿದ್ದ ಮಾತ್ರೆ, ಬಣ್ಣ ನೋಡಿಯೇ ಗುರುತಿಸಿದರು. ಆಮೇಲೆ ಅವರ ಹೆಸರೂ ಹಾಜರಿಯಿಂದ ಹೋಯಿತು. ಕೇಳಲು ಹೋದಾಗ ಟೈಂ ಆಫೀಸಿನಲ್ಲಿ, "ನೀವು ಸಿರುಗುಪ್ಪ ಕಡಿಯವರು. ಅಲ್ಲಿ ಅಕ್ಕಿ ಗಿರಣಿ ಧೂಳು, ನಿಮ್ಮ ಮನಿಯಾಗ ಹತ್ತಿ ಧೂಳು. ನಮ್ಮದೇನ್ರಿ ತಪ್ಪು?" ಎಂದರಂತೆ. ಊರ ಹೆಸರನ್ನು ಅವರು ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು.

ಕೊನೆಗೆ ಪರೀಕ್ಷೆ ಮಾಡಿ, ಇದು ಟಿಬಿ ಅಲ್ಲ, ಕಲ್ಲಿನ ಧೂಳು ಎಂದು ಹೇಳಿದವರು ಅದೇ ಡಾಕ್ಟರಮ್ಮ. ಹೇಳಿ, ನಮ್ಮ ಮನೆಯ ಚಾಪೆಯ ಮೇಲೆ ಕೂತು ಅತ್ತರು. ಆಮೇಲೆ, ಇವರೊಬ್ಬರ ರೋಗದ ಬಗ್ಗೆಯೇ ಸಣ್ಣ ಲೇಖನ ಬರೆಯುತ್ತೇನೆ, ನೀವು ಒಪ್ಪಿದರೆ ಮಾತ್ರ ಎಂದರು. ಇದಕ್ಕೂ ಒಪ್ಪಿಗೆ ಪತ್ರ ಬೇಕಿತ್ತು. ನಮ್ಮವರು ದಿಂಬಿಗೆ ಒರಗಿಕೊಂಡು ಸಹಿ ಮಾಡಿದರು. ಉಸಿರು ಸಾಲದೆ ಪೆನ್ನು ಎರಡು ಸಲ ನಿಂತಿತು.

"ಸೀಲು?" ಎಂದರು.

"ಬೇಡ, ಸಹಿ ಸಾಕು."

"ಹೆಸರ ಹಾಕ್ತೀರಿಲ್ಲ ಮೇಡಂ, ಈ ಸಲ?"

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನೇ ಹೇಳಬೇಕಾಯಿತು. "ರೋಗಿ ಹೆಸರ ಹಾಕಂಗಿಲ್ರಿ. ಪತ್ರಿಕಿ ಕಾನೂನು. ಊರಿನ ಹೆಸರೂ ಹಾಕಂಗಿಲ್ಲ, ಯಾವ ಅಕ್ಷರಾನೂ ಹಾಕಂಗಿಲ್ಲ."

ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. "ಅವತ್ತ ಬ್ಯಾರೆಯವರ ಸುದ್ದಿ ಹೇಳಿದ್ರ ಹೆಸರ ಬೇಕಽ ಬೇಕು ಅಂದ್ರಿ," ಎಂದರು. "ಇವತ್ತ ನನ್ನ ಎದೀನ ಕೊಡ್ತೀನಿ ಅಂದ್ರ ಹೆಸರ ಬ್ಯಾಡ ಅಂತೀರಿ."

ಆ ಲೇಖನವನ್ನೂ ನಾನೇ ಟೈಪ್ ಮಾಡಿದೆ. ಬೇರೆ ಯಾರಿಗೂ ಕೊಡಲು ಮನಸ್ಸು ಬರಲಿಲ್ಲ. ಮೊದಲ ವಾಕ್ಯ, ಈ ಭಾಗದ ಗಣಿ ಕೆಲಸಗಾರರಲ್ಲಿ ಈ ರೋಗ ಅಪರೂಪವೆಂದು ಹಿಂದಿನ ಅಧ್ಯಯನವೊಂದು ಹೇಳಿತ್ತು. ಅದರ ಪಕ್ಕದಲ್ಲಿ ಒಂದು ಎಂಬ ಅಂಕಿ. ಕೊನೆಯ ಪಟ್ಟಿಯಲ್ಲಿ ಒಂದರ ಮುಂದೆ ಡಾಕ್ಟರಮ್ಮನದೇ ಹಳೆಯ ಲೇಖನ, ನಮ್ಮವರ ಮಾತು ಅಳಿಸಿದ ಲೇಖನ. ಹೆಸರು, ಇಸವಿ, ಸಂಪುಟ, ಪುಟ, ಎಲ್ಲ ಚಿಹ್ನೆಗಳನ್ನೂ ಸರಿಯಾಗಿ ಹಾಕಿದೆ. ಎರಡನೆಯ ವಾಕ್ಯದಲ್ಲಿ ನನ್ನ ಗಂಡ ಒಬ್ಬ ಪುರುಷ ರೋಗಿಯಾಗಿ ಒಳಗೆ ಬಂದರು.

ಪತ್ರಿಕೆ ಬಂದಾಗ ಅವರು ಇನ್ನೂ ಇದ್ದರು. ಕೈಗೆ ಕೊಟ್ಟೆ. ಪುಟ ಮಗುಚಿ ಮಗುಚಿ ಎಕ್ಸ್‌ರೇಯ ಚಿತ್ರ ಹುಡುಕಿದರು. ಪಕ್ಕೆಲುಬುಗಳ ನಡುವೆ ಹಿಂಜಿದ ಹತ್ತಿ ಚೆಲ್ಲಿದಂತೆ ಬಿಳಿ ಬಿಳಿ ಚುಕ್ಕೆ, ಒಂದು ಬಾಣದ ಗುರುತು. ಎಷ್ಟೋ ಹೊತ್ತು ಅದನ್ನೇ ನೋಡಿದರು. ನನ್ನಿಂದ ಪೆನ್ನು ಇಸಿದುಕೊಂಡು ಚಿತ್ರದ ಕೆಳಗೆ ತಮ್ಮ ಹೆಸರು ಬರೆದರು, ಸಾಲಿಯ ಮೇಷ್ಟ್ರು ಕಲಿಸಿದ ಹಾಗೆ. ಊರಿಗೊಂದು ಅಕ್ಷರ, ಚುಕ್ಕಿ, ಆಮೇಲೆ ಹೆಸರು ಪೂರ್ತಿಯಾಗಿ.

ಬರೆದಾದ ಮೇಲೆ ಪತ್ರಿಕೆಯನ್ನು ನನ್ನ ಕಡೆ ಚಾಚಿದರು. "ಇದಕ ಸೀಲ್ ಎಲ್ಲಿ ಹಾಕಸ್ತಿ?"

ಅವರು ನಗಿಸಲು ಹೇಳಿದ್ದೆಂದು ನನಗೆ ಗೊತ್ತಿತ್ತು. "ಹಾಕಸೋಣ ಬಿಡ್ರಿ," ಎಂದೆ. "ನಾಳೆ ಹೋಗಿ ಹಾಕಿಸಿಕೊಂಡು ಬರ್ತೀನಿ." ಅವರು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ನಾನು ಪತ್ರಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅವರ ಉಸಿರು ಕೇಳುತ್ತ ಕೂತೆ.